ಹಿತ್ತಲ ಮಂಜುಗಡ್ಡೆ, ಹನ್ನೊಂದನೇ ನಂಬರ್: ಐಸ್ ಹಾಕಿಯ ಆಂಝೆ ಕೋಪಿತಾರ್

ಹಿತ್ತಲಲ್ಲಿ ಸ್ಕೇಟ್ ಮಾಡುವಷ್ಟು ಮಂಜುಗಡ್ಡೆ ಕಟ್ಟಿಸಬೇಕೆಂದರೆ ರಾತ್ರಿ ನೀರು ಬಿಟ್ಟು ಮಲಗಿದರೆ ಸಾಲದು. ಮೊದಲು ನೆಲ ಸಮ ಇರಬೇಕು. ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿಜಾರಿದ್ದರೂ ಒಂದು ಬದಿಯಲ್ಲಿ ನೀರು ಹತ್ತು ಸೆಂಟಿಮೀಟರ್ ಹೆಚ್ಚು ನಿಲ್ಲುತ್ತದೆ, ಅಲ್ಲಿ ಗಡ್ಡೆ ಕಟ್ಟುವುದು ದಿನಗಟ್ಟಲೆ ತಡ. ಮಣ್ಣು ಒಳಗಿನಿಂದಲೇ ತಣಿದು ಗಟ್ಟಿಯಾಗಿರಬೇಕು. ಬಿದ್ದ ಹಿಮವನ್ನು ಐದಾರು ಸೆಂಟಿಮೀಟರ್ ದಪ್ಪಕ್ಕೆ ತುಳಿದು, ಮೇಲೆ ಸಣ್ಣಗೆ ನೀರು ಚಿಮುಕಿಸಿ, ಒಂದು ತಳ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಹಾಕಿದ ನೀರನ್ನೆಲ್ಲ ಮಣ್ಣು ಕುಡಿದುಬಿಡುತ್ತದೆ. ಆಮೇಲೆ ಶುರುವಾಗುವುದು ನಿಜವಾದ ಕೆಲಸ: ಒಂದು ಸಲಕ್ಕೆ ಎರಡು ಮೂರು ಮಿಲಿಮೀಟರ್ ನೀರು, ಅದು ಪೂರ್ತಿ ಗಟ್ಟಿಯಾಗುವ ತನಕ ಕಾಯುವುದು, ಮತ್ತೆ ಒಂದು ಪದರ. ಹತ್ತು ಮೀಟರ್ ಅಗಲ, ಹದಿನೈದು ಮೀಟರ್ ಉದ್ದದ ಜಾಗಕ್ಕೆ ಮೂರು ಮಿಲಿಮೀಟರಿನ ಒಂದು ಪದರವೆಂದರೆ 450 ಲೀಟರ್. ಮಕ್ಕಳು ಧೈರ್ಯವಾಗಿ ಓಡಾಡುವ ಆರು ಸೆಂಟಿಮೀಟರ್ ದಪ್ಪಕ್ಕೆ ಇಂಥ ಇಪ್ಪತ್ತು ಪದರ ಬೇಕು, ಒಟ್ಟು 9,000 ಲೀಟರ್. ಅಷ್ಟೂ ಕೆಲಸ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿಳಿದ ರಾತ್ರಿಗಳಲ್ಲೇ ಆಗಬೇಕು.

ಆತುರಪಟ್ಟವರಿಗೆ ಇಲ್ಲಿ ಕೈ ಸುಡುತ್ತದೆ. ಒಂದೇ ಸಲ ಹೆಚ್ಚು ನೀರು ಬಿಟ್ಟರೆ ಮೇಲ್ಭಾಗ ಮೊದಲು ಹೆಪ್ಪುಗಟ್ಟುತ್ತದೆ, ಕೆಳಗಿನ ನೀರು ನಿಧಾನವಾಗಿ ಮಣ್ಣಿಗೆ ಇಳಿದು ಹೋಗುತ್ತದೆ, ನಡುವೆ ಪೊಳ್ಳು ಉಳಿಯುತ್ತದೆ. ನೋಡಲು ಗಾಜಿನಂತಿರುವ ಆ ಗಡ್ಡೆ ಮಗು ಕಾಲಿಟ್ಟ ಕೂಡಲೇ ಹಪ್ಪಳದ ಹಾಗೆ ಮುರಿಯುತ್ತದೆ. ಹಿಮ ಬೀಳುವಾಗ ನೀರು ಹಾಕಿದರೆ ಮೈಯೆಲ್ಲ ತರಿತರಿ. ಒಂದು ಒಣ ಎಲೆ ಸಿಕ್ಕಿಕೊಂಡರೂ ಸಾಕು, ಕಪ್ಪು ಬಣ್ಣ ಬಿಸಿಲನ್ನು ಹೀರಿ ಮಧ್ಯಾಹ್ನದೊಳಗೆ ಎಲೆಯ ಆಕಾರದ್ದೇ ಗುಂಡಿ ತೋಡಿರುತ್ತದೆ. ಕೊನೆಯ ಪದರಕ್ಕೆ ಮಾತ್ರ ಬಿಸಿನೀರು. ಅದು ಗೀರುಗಳ ಅಂಚನ್ನು ಕರಗಿಸಿ ಹಳೆಯ ಗಡ್ಡೆಯ ಜೊತೆ ಬೆಸೆದುಕೊಳ್ಳುತ್ತದೆ. ದೊಡ್ಡ ಒಳಾಂಗಣ ರಿಂಕುಗಳಲ್ಲಿ, ಅಂದರೆ ಮಂಜುಗಡ್ಡೆಯ ಅಂಗಣಗಳಲ್ಲಿ, ಯಂತ್ರ ಬಿಸಿನೀರು ಸುರಿಯುತ್ತಾ ಹೋಗುವುದೂ ಇದೇ ಕಾರಣಕ್ಕೆ.

ಸ್ಲೊವೇನಿಯಾದ ಹ್ರುಶಿತ್ಸಾ ಎಂಬ ಹಳ್ಳಿಯಲ್ಲಿ, ಆಸ್ಟ್ರಿಯಾದ ಗಡಿಗೆ ತಾಗಿದಂತೆ, ಒಬ್ಬ ಅಪ್ಪ ತನ್ನ ಮಗನಿಗಾಗಿ ಹಿತ್ತಲಲ್ಲಿ ಇಂಥದ್ದೊಂದು ರಿಂಕ್ ಮಾಡಿದ. ಮಗನಿಗೆ ಆಗ ನಾಲ್ಕು ವರ್ಷ. ಅಪ್ಪನ ಹೆಸರು ಮಾತ್ಯಾಝ್ ಕೋಪಿತಾರ್, ತಾನೂ ಆಟಗಾರ, ಮುಂದೆ ಕೋಚ್. ಮಗ ಆಂಝೆ ಕೋಪಿತಾರ್. ಹುಟ್ಟಿದ್ದು 1987ರ ಆಗಸ್ಟ್ 24ರಂದು, ಪಕ್ಕದ ಪೇಟೆ ಯೆಸೆನಿತ್ಸೆಯಲ್ಲಿ, ಆಗಿನ್ನೂ ಯುಗೊಸ್ಲಾವಿಯ ಇದ್ದ ಕಾಲ. ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನಲ್ಲಿ ಕಾಲಿಟ್ಟ ಮೊದಲ ಸ್ಲೊವೇನಿಯನ್ ಅವನೇ.

ಐಸ್ ಹಾಕಿ ಅಪರೂಪವಾದ ದೇಶದಿಂದ ಬಂದ ಆಟಗಾರ ಅಂದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಲ್ಲಿಂದ ಇಲ್ಲಿಗೆ ಹೇಗೆ ಬಂದ? ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ, ಬಂದವನು ಯಾವ ಬಗೆಯ ಆಟಗಾರನಾದ ಎಂಬುದು. ಕೋಪಿತಾರ್ ಆಡಿದ್ದು ಆ ಹಿತ್ತಲ ಗಡ್ಡೆಯ ಹಾಗೆಯೇ, ಪದರದ ಮೇಲೆ ಪದರ ಹಾಕುತ್ತಾ. ಅವನ ಕೆಲಸದ ಬಹುಪಾಲು ಸ್ಕೋರ್ ಹಾಳೆಯಲ್ಲಿ ಎಲ್ಲೂ ಬರೆದಿರುವುದಿಲ್ಲ.

ಊರಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಸ್ಲೊವೇನಿಯಾದಲ್ಲಿ ಹಾಕಿ ಅಪರೂಪ ಅನ್ನುವುದು ನಿಜವಾದರೂ ಯೆಸೆನಿತ್ಸೆಯಲ್ಲಿ ಅದು ಅಪರೂಪವಲ್ಲ. ಸಾವಾ ದೊಲಿಂಕಾ ನದಿಯ ಕಿರಿದಾದ ಕಣಿವೆಯಲ್ಲಿ ಉದ್ದಕ್ಕೆ ಮಲಗಿದ ಉಕ್ಕಿನ ಊರು ಅದು. ಊರಿನ ಹಾಕಿ ಕ್ಲಬ್ 1948ರಲ್ಲಿ ಹುಟ್ಟಿತು. ಯುಗೊಸ್ಲಾವಿಯದ ಲೀಗನ್ನು ಆ ಕ್ಲಬ್ 23 ಸಲ ಗೆದ್ದಿದೆ, ಅದರಲ್ಲಿ 1957ರಿಂದ 1971ರವರೆಗೆ ಒಂದು ವರ್ಷವೂ ಬಿಡದೆ. ಅಂಗಣದ ಹೆಸರು ಪೊದ್‌ಮೆಝಾಕ್ಲಾ. ಮೆಝಾಕ್ಲಾ ಎಂಬ ಬೆಟ್ಟದ ಬುಡ ಎಂದಷ್ಟೇ ಅದರ ಅರ್ಥ. ಒಂದು ಊರಿನ ಮಟ್ಟಿಗೆ ಪರಂಪರೆ ಗಟ್ಟಿಯಾಗಿತ್ತು, ಆದರೆ ದೇಶ 1991ರಲ್ಲಿ ಸ್ವತಂತ್ರವಾದಾಗ ಅದರ ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸು. ಒಳಾಂಗಣ ರಿಂಕುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ರಿಂಕ್ ಕಡಿಮೆ ಇದ್ದರೆ ಏನಾಗುತ್ತದೆ? ಎಲ್ಲಕ್ಕಿಂತ ಮೊದಲು ಗಡ್ಡೆಯ ಮೇಲಿನ ಹೊತ್ತು ಕಡಿಮೆಯಾಗುತ್ತದೆ. ಒಂದೇ ರಿಂಕಿನಲ್ಲಿ ಸಂಜೆ ಚಿಕ್ಕ ಮಕ್ಕಳು, ಹದಿಹರೆಯದವರು, ಹಿರಿಯರ ತಂಡ, ಫಿಗರ್ ಸ್ಕೇಟಿಂಗಿನವರು ಎಲ್ಲರೂ ಪಾಲು ಹಂಚಿಕೊಳ್ಳಬೇಕು. ಒಂದು ಗಂಟೆ ಸಿಕ್ಕಿತೆಂದರೆ ಅದರಲ್ಲಿ ಹತ್ತು ನಿಮಿಷ ಗಡ್ಡೆ ನೇರ್ಪು ಮಾಡುವ ಯಂತ್ರಕ್ಕೇ ಹೋಗುತ್ತದೆ. ಎರಡನೆಯ ತೊಂದರೆ ಸಮಬಲದ ಎದುರಾಳಿಗಳದ್ದು. ಅದೇ ನಾಲ್ಕಾರು ಕ್ಲಬ್ಬುಗಳ ಅದೇ ಹುಡುಗರ ಎದುರು ವರ್ಷವಿಡೀ ಆಡಿದರೆ, ಸ್ವಲ್ಪ ಪ್ರತಿಭೆ ಇದ್ದವನು ಎಲ್ಲರನ್ನೂ ಸುಲಭವಾಗಿ ದಾಟಿ ಗೋಲು ಹೊಡೆಯುವುದನ್ನು ಕಲಿಯುತ್ತಾನೆ, ಪಾಸ್ ಕೊಡುವುದನ್ನು ಮರೆಯುತ್ತಾನೆ. ಹೊರಗೆ ಹೋದ ಮೊದಲ ತಿಂಗಳಲ್ಲೇ ಇದು ಬಯಲಾಗುತ್ತದೆ. ಅಲ್ಲಿ ಯಾರೂ ಅಷ್ಟು ಸುಲಭವಾಗಿ ದಾರಿ ಬಿಡುವುದಿಲ್ಲ. ಇಂಥ ದೇಶಗಳಿಂದ ಬಂದ ಎಷ್ಟೋ ಹುಡುಗರು ಮುಗ್ಗರಿಸುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಅವರ ಕೈಯಲ್ಲಿ ಚಳಕ ಇರುತ್ತದೆ, ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಇಲ್ಲದಾಗ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿರುವುದಿಲ್ಲ.

ಕೋಪಿತಾರ್ ಈ ಬಲೆಗೆ ಬೀಳಲಿಲ್ಲ. ಮನೆಯಲ್ಲೇ ಕೋಚ್ ಇದ್ದದ್ದು ಒಂದು ಕಾರಣವಿರಬೇಕು. ತಕ್ಕ ವಯಸ್ಸಿಗೆ ಮನೆ ಬಿಟ್ಟದ್ದು ಇನ್ನೊಂದು. 2004ರಲ್ಲಿ ಸ್ವೀಡನ್ನಿನ ಸೋಡರ್‌ಟೆಲ್ಯೆ ಕ್ಲಬ್ಬಿಗೆ ಹೋದಾಗ ಅವನಿಗೆ ಹದಿನಾರು ಮುಗಿದು ಹದಿನೇಳರ ಹೊಸ್ತಿಲು. ಊರಿನಲ್ಲಿ ತಾನೇ ದೊಡ್ಡವನಾಗಿದ್ದವನು ಅಲ್ಲಿ ಸಾಲಿನಲ್ಲಿ ಒಬ್ಬ. ಭಾಷೆ ಹೊಸದು, ಕೋಚ್ ಹಲಗೆಯ ಮೇಲೆ ಗೆರೆ ಎಳೆದು ಹೇಳುವ ಮಾತು ಅರ್ಥವಾಗದಿದ್ದರೆ ಮರುಕ್ಷಣ ಗಡ್ಡೆಯ ಮೇಲೆ ತಪ್ಪು ಜಾಗದಲ್ಲಿ ನಿಂತಿರುತ್ತೀರಿ. ಸ್ವೀಡಿಷ್ ಸೇರಿ ಅವನು ಐದು ಭಾಷೆ ಮಾತಾಡುತ್ತಾನೆ. ಇದು ಬರೀ ಹೆಮ್ಮೆಯ ಸಂಗತಿ ಅಲ್ಲ, ಸಣ್ಣ ದೇಶದ ಆಟಗಾರನಿಗೆ ಅದೂ ಸ್ಟಿಕ್ಕಿನಷ್ಟೇ ಬೇಕಾದ ಸಾಮಾನು.

ಲೀಗಿನ ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ 2005ರ ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಸಿಡ್ನಿ ಕ್ರಾಸ್ಬಿಯದು. ಕೋಪಿತಾರನನ್ನು ಹನ್ನೊಂದನೆಯವನಾಗಿ ಲಾಸ್ ಏಂಜಲೀಸ್ ಕಿಂಗ್ಸ್ ಆರಿಸಿಕೊಂಡಿತು. ಅವನ ಅಂಗಿಯ ನಂಬರೂ 11. ಇನ್ನೊಂದು ವರ್ಷ ಸ್ವೀಡನ್ನಿನಲ್ಲೇ ಆಡಿ, 2006ರ ಅಕ್ಟೋಬರ್ 6ರಂದು ಅನಹೈಮ್ ವಿರುದ್ಧ ಮೊದಲ ಪಂದ್ಯಕ್ಕೆ ಇಳಿದ. ಎದುರಿಗಿದ್ದ ರಕ್ಷಣಾ ಆಟಗಾರ, ಅಂದರೆ ಡಿಫೆನ್ಸ್‌ಮನ್ ಕ್ರಿಸ್ ಪ್ರಾಂಗರ್, ಆ ಕಾಲದ ಅತಿ ಕಠಿಣ ಆಳು. ಹತ್ತೊಂಬತ್ತರ ಹುಡುಗ ಅವನ ಹೊರಬದಿಯಿಂದ ಸುತ್ತಿ ಬಂದು ಗೋಲು ಹೊಡೆದ. ಆ ರಾತ್ರಿ ಎರಡು ಗೋಲು. ಆ ಮೊದಲ ಸೀಸನ್ನಿನಲ್ಲಿ 72 ಪಂದ್ಯಕ್ಕೆ 61 ಪಾಯಿಂಟ್ (ಗೋಲಿಗೆ ಒಂದು, ಗೋಲಿಗೆ ನೆರವಾದ ಪಾಸಿಗೆ, ಅಂದರೆ ಅಸಿಸ್ಟಿಗೆ, ಒಂದು).

ಪ್ರಾಂಗರನನ್ನು ದಾಟಿದ್ದರ ಹಿಂದೆ ಒಂದು ಅಳತೆಯ ಲೆಕ್ಕವಿದೆ. ಯುರೋಪಿನ ದೊಡ್ಡ ರಿಂಕ್ 60 ಮೀಟರ್ ಉದ್ದ, 30 ಮೀಟರ್ ಅಗಲ. ಎನ್‌ಎಚ್‌ಎಲ್‌ನದ್ದು 61 ಮೀಟರ್ ಉದ್ದ, ಅಗಲ 26 ಮೀಟರಿನಷ್ಟೇ. ಒಂದೊಂದು ಬದಿಯಲ್ಲೂ ಎರಡು ಮೀಟರ್ ಮಾಯ. ಅಗಲ ರಿಂಕಿನಲ್ಲಿ ಬೆಳೆದವನು ಹಲಗೆಯ ಗೋಡೆಯ ಬದಿಗೆ ಸರಿದು, ಒಂದು ಕ್ಷಣ ತಲೆಯೆತ್ತಿ ನೋಡಿ, ಆಮೇಲೆ ಪಾಸ್ ಕೊಡುವ ರೂಢಿಯವನು. ಕಿರಿದಾದ ರಿಂಕಿನಲ್ಲಿ ಆ ಕ್ಷಣ ಇರುವುದಿಲ್ಲ, ತಲೆ ಎತ್ತುವಷ್ಟರಲ್ಲಿ ನೂರು ಕೆಜಿಯ ಭುಜ ಮೈಮೇಲೆ. ಅದಕ್ಕೆ ಪರಿಹಾರ ಪಕ್ ಬರುವ ಮೊದಲೇ ಎರಡೂ ಭುಜದ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸಿ ನೋಡಿಕೊಂಡಿರುವುದು. ಕೋಪಿತಾರನ ಆಟದ ವಿಡಿಯೊ ನಿಧಾನಗತಿಯಲ್ಲಿ ನೋಡಿದರೆ ಪಕ್ ಅವನ ಬಳಿ ಬರುವ ಮೊದಲು ತಲೆ ಎಡಕ್ಕೆ, ಬಲಕ್ಕೆ ತಿರುಗುವುದು ಕಾಣುತ್ತದೆ. ಆಮೇಲೆ ಪಕ್ಕನ್ನು ಎದುರಾಳಿಯಿಂದ ಆಚೆ ಬದಿಗೆ ಇಟ್ಟು, ನಡುವೆ ತನ್ನ ಸೊಂಟ ಮತ್ತು ಬೆನ್ನು ತರುತ್ತಾನೆ. ಆರು ಅಡಿ ಮೂರು ಇಂಚಿನ ಮೈ ಅಲ್ಲಿ ಬೇಲಿಯಾಗುತ್ತದೆ.

ಆ ಬೇಲಿ ಅಲುಗಾಡದಿರಲು ಕಾಲಡಿಯ ಅಲಗು ಹದವಾಗಿರಬೇಕು. ಸ್ಕೇಟಿನ ಉಕ್ಕಿನ ಪಟ್ಟಿ ಸುಮಾರು ಮೂರು ಮಿಲಿಮೀಟರ್ ದಪ್ಪ. ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ಕೊರೆದಿರುತ್ತಾರೆ. ಕಾಲುವೆಯ ಎರಡು ದಡಗಳೇ ಅಲಗುಗಳು, ಒಂದು ಒಳಗಿನದು, ಒಂದು ಹೊರಗಿನದು. ಕಾಲುವೆಯ ಬಾಗನ್ನು ತ್ರಿಜ್ಯದಲ್ಲಿ ಹೇಳುತ್ತಾರೆ, ಅರ್ಧ ಇಂಚು ಸಾಮಾನ್ಯ ಅಳತೆ. ತ್ರಿಜ್ಯ ಕಡಿಮೆಯಾದರೆ ಕಾಲುವೆ ಆಳ, ಹಿಡಿತ ಹೆಚ್ಚು, ಜಾರುವಿಕೆ ಕಡಿಮೆ. ಹಗುರ ಮೈಯವರಿಗೆ ಆಳ ಬೇಕು. ಭಾರದ ಆಳಿನ ತೂಕವೇ ಅಲಗನ್ನು ಗಡ್ಡೆಗೆ ಒತ್ತುವುದರಿಂದ ಅವನಿಗೆ ಆಳ ಕಡಿಮೆ ಇದ್ದರೆ ಒಳ್ಳೆಯದು. ಭಾರದ ಆಟಗಾರ ಆಳ ಕಾಲುವೆಯ ಸ್ಕೇಟ್ ಹಾಕಿದರೆ ಪ್ರತಿ ತಿರುವಿನಲ್ಲೂ ಗಡ್ಡೆಯನ್ನು ಉಳುತ್ತಾ ಹೋಗುತ್ತಾನೆ, ಆಟದ ಮೂರನೇ, ಕೊನೆಯ ಪೀರಿಯಡ್ ಬರುವಷ್ಟರಲ್ಲಿ ತೊಡೆ ಸೋತಿರುತ್ತದೆ. ಹೆಚ್ಚು ಕಾಣುವ ದೋಷ ಬೇರೆಯೇ ಇದೆ: ಸಾಣೆ ಹಿಡಿಯುವವನ ಕೈ ವಾಲಿ ಒಂದು ಅಲಗು ಎತ್ತರ, ಒಂದು ತಗ್ಗಾಗುವುದು. ನೇರ ಹೋಗುವಾಗ ಏನೂ ಗೊತ್ತಾಗುವುದಿಲ್ಲ, ಒಂದು ಕಡೆಗೆ ತಿರುಗುವಾಗ ಮಾತ್ರ ಕಾಲು ಕೈಕೊಡುತ್ತದೆ. ಸ್ಕೇಟನ್ನು ತಲೆಕೆಳಗು ಹಿಡಿದು ಎರಡೂ ಅಲಗಿನ ಮೇಲೆ ಒಂದು ಸಣ್ಣ ನೇರ ಕಡ್ಡಿ ಅಡ್ಡ ಇಟ್ಟರೆ, ಅದು ಪಟ್ಟಿಗೆ ಲಂಬವಾಗಿ ನಿಂತಿದೆಯೇ ಎಂದು ಕಣ್ಣಿಗೇ ಕಾಣುತ್ತದೆ.

ಈಗ ಅವನ ನಿಜವಾದ ಕಸುಬಿಗೆ ಬರೋಣ. ಕೋಪಿತಾರ್ ಸೆಂಟರ್, ಅಂದರೆ ದಾಳಿಸಾಲಿನ ನಡುವಿನ ಆಟಗಾರ. ವಿಂಗರ್ ಗೋಡೆಯ ಬದಿ ನೋಡಿಕೊಂಡರೆ ಸಾಕು, ಸೆಂಟರ್ ಎರಡು ಗೋಲುಗಳ ನಡುವೆ ಇಡೀ ಉದ್ದ ಓಡಬೇಕು. ಎದುರಾಳಿ ದಾಳಿಗೆ ಬಂದಾಗ ಅವನೇ ಮೂರನೇ ಡಿಫೆನ್ಸ್‌ಮನ್. ಪಕ್ ಮೂಲೆಗೆ ಹೋದಾಗ ಅದರ ಹಿಂದೆ ಓಡುವುದು ಎಳೆಯ ಸೆಂಟರುಗಳು ಮಾಡುವ ತಪ್ಪು. ಅಲ್ಲಿ ಆಗಲೇ ತನ್ನ ಡಿಫೆನ್ಸ್‌ಮನ್ ಒಬ್ಬ ಇರುತ್ತಾನೆ. ಇವನೂ ಹೋದರೆ ಒಬ್ಬ ಎದುರಾಳಿಗೆ ಇಬ್ಬರು ಕಾವಲು, ಗೋಲಿನ ಮುಂದಿನ ಜಾಗ ಖಾಲಿ, ಒಂದು ಪಾಸ್, ಕಥೆ ಮುಗಿಯಿತು. ಕೋಪಿತಾರ್ ಮೂಲೆಯಿಂದ ಒಂದು ಸ್ಟಿಕ್ಕಿನಳತೆ ದೂರ, ಗೋಲಿನ ಕಡೆಗೆ ಮೈಯಿಟ್ಟು, ಸ್ಟಿಕ್ಕಿನ ಅಲಗನ್ನು ಪಾಸ್ ಹೋಗಬಹುದಾದ ದಾರಿಯಲ್ಲಿ ಗಡ್ಡೆಗೆ ಊರಿ ನಿಲ್ಲುತ್ತಾನೆ. ಹಿಂದಕ್ಕೆ ಓಡಿ ಬರುವಾಗಲೂ ಪಕ್ ಇದ್ದವನನ್ನು ಅಟ್ಟುವುದಿಲ್ಲ. ರಿಂಕಿನ ನಡುದಾರಿಯಲ್ಲಿ ಬಂದು, ಇನ್ನೂ ಯಾರೂ ಗಮನಿಸದ ಮೂರನೇ ದಾಳಿಗಾರನನ್ನು ಹುಡುಕಿ ಅವನ ಸ್ಟಿಕ್ ಎತ್ತುತ್ತಾನೆ. ಆ ಪಾಸ್ ಹೋಗುವುದೇ ಇಲ್ಲ. ಹೋಗದ ಪಾಸಿಗೆ ಲೆಕ್ಕದಲ್ಲಿ ಜಾಗವಿಲ್ಲ.

ಫೇಸಾಫ್ ಅಂದರೆ ರೆಫರಿ ಅಥವಾ ಲೈನ್ಸ್‌ಮನ್ ಇಬ್ಬರು ಸೆಂಟರುಗಳ ನಡುವೆ ಪಕ್ ಬೀಳಿಸಿ ಆಟ ಶುರುಮಾಡುವುದು. ರಿಂಕಿನಲ್ಲಿ ಇದಕ್ಕೆ ಒಂಬತ್ತು ಚುಕ್ಕೆಗಳಿವೆ. ನೋಡುವವರಿಗೆ ಅದೃಷ್ಟದಾಟದಂತೆ ಕಾಣುತ್ತದೆ. ನೂರಕ್ಕೆ ಐವತ್ತು ಗೆಲ್ಲುವುದು ಸಾಧಾರಣ, ಐವತ್ತೈದು ದಾಟಿದವನು ಪಳಗಿದ ಕೈ. ಐದು ಹೆಚ್ಚಾದರೆ ಏನು ಮಹಾ ಅನ್ನಿಸಬಹುದು. ಆದರೆ ತಂಡ ಸುಸ್ತಾಗಿ ಪಕ್ಕನ್ನು ರಿಂಕಿನ ಆ ತುದಿಗೆ ಸುಮ್ಮನೆ ಹೊಡೆದುಬಿಟ್ಟರೆ ಅದು ಐಸಿಂಗ್, ಆಗ ಆಟಗಾರರನ್ನು ಬದಲಿಸುವ ಹಾಗಿಲ್ಲ, ಫೇಸಾಫ್ ತಮ್ಮದೇ ಗೋಲಿನ ಬಳಿ. ಉಸಿರು ಕಟ್ಟಿದ ಐವರು ನಿಂತಿರುವ ಆ ಹೊತ್ತಿನಲ್ಲಿ ಸೆಂಟರ್ ಸೋತರೆ ಪಕ್ ನೇರ ಎದುರಾಳಿಯ ಹೊಡೆತಕ್ಕೆ ಸಿಗುತ್ತದೆ.

ಹತ್ತಿರದಿಂದ ನೋಡಿ. ಕಾಲು ಭುಜಕ್ಕಿಂತ ಅಗಲ, ಸೊಂಟ ಕೆಳಗೆ, ಕೆಳಗಿನ ಕೈ ಸ್ಟಿಕ್ಕಿನ ಮೇಲೆ ಇನ್ನೂ ತಗ್ಗಿಗೆ ಇಳಿದಿರುತ್ತದೆ. ಕಣ್ಣು ಲೈನ್ಸ್‌ಮನ್ನಿನ ಕೈಮೇಲೆ. ಬೀಳುತ್ತಿರುವ ಪಕ್ಕನ್ನು ನೋಡಿ ಹೊರಟವನು ತಡವಾಗಿ ಹೊರಟವನು. ಕೋಪಿತಾರ್ ಎಡಗೈ ಬೀಸಿನವನು, ಸ್ಟಿಕ್ಕಿನ ಅಲಗು ಅವನ ಎಡಕ್ಕಿರುತ್ತದೆ. ಅಲಗಿನ ಹಿಂಬದಿಯಿಂದ ಎಳೆದಾಗ ಬಲ ಹೆಚ್ಚು, ಪಕ್ ಹಿಂದಕ್ಕೂ ಎಡಕ್ಕೂ ಹೋಗುತ್ತದೆ. ಹಾಗಾಗಿ ತಮ್ಮ ಗೋಲಿನ ಎಡಬದಿಯ ಚುಕ್ಕೆಯಲ್ಲಿ ಆ ಎಳೆತ ಪಕ್ಕನ್ನು ಮೂಲೆಗೆ, ಅಪಾಯವಿಲ್ಲದ ಕಡೆಗೆ ಒಯ್ಯುತ್ತದೆ. ಬಲಬದಿಯ ಚುಕ್ಕೆಯಲ್ಲಿ ಅದೇ ಎಳೆತ ಗೋಲಿನ ಮುಂಬಾಗಿಲಿಗೇ ತಂದಿಡುತ್ತದೆ, ಅಲ್ಲಿ ಅಲಗಿನ ಮುಂಬದಿಯಿಂದ ಎಳೆಯಬೇಕು ಇಲ್ಲವೇ ಎದುರಾಳಿಯ ಸ್ಟಿಕ್ಕನ್ನು ಮೊದಲು ಕಟ್ಟಿಹಾಕಿ ಪಕ್ಕನ್ನು ಕಾಲಿನಿಂದ ಹಿಂದಕ್ಕೆ ತಳ್ಳಬೇಕು. ಇನ್ನೊಂದು ಸೂಕ್ಷ್ಮವಿದೆ. 2015-16ರ ಸೀಸನ್ನಿನಿಂದ ನಡುಚುಕ್ಕೆ ಬಿಟ್ಟು ಉಳಿದೆಡೆ ರಕ್ಷಣೆಗೆ ನಿಂತ ತಂಡದ ಸೆಂಟರೇ ಮೊದಲು ಸ್ಟಿಕ್ ಊರಬೇಕು. ಮೊದಲು ಊರಿದವನ ಇರಾದೆ ಎದುರಾಳಿಗೆ ಕಾಣಿಸಿಬಿಡುತ್ತದೆ. ರಕ್ಷಣೆಯ ಹೊರೆಯನ್ನೇ ಹೊತ್ತ ಕೋಪಿತಾರನಂಥವರಿಗೆ ಈ ನಿಯಮ ತೊಡಕೇ, ಆದರೂ ಆ ಸೀಸನ್ನಿನ ಕೊನೆಗೆ ಅವನ ಕೈಗೆ ಬಂದದ್ದು ಸೆಲ್ಕಿ ಟ್ರೋಫಿ.

ರಕ್ಷಣೆಯಲ್ಲಿ ಅತ್ಯುತ್ತಮನಾದ ದಾಳಿಸಾಲಿನ ಆಟಗಾರ, ಅಂದರೆ ಫಾರ್ವರ್ಡ್‌ಗೆ ಸೆಲ್ಕಿ ಟ್ರೋಫಿ ಕೊಡುತ್ತಾರೆ. ಒಳ್ಳೆಯ ಆಟದ ಜೊತೆ ಸಭ್ಯವಾಗಿ ಆಡಿದವನಿಗೆ ಲೇಡಿ ಬಿಂಗ್. 2016ರಲ್ಲಿ ಎರಡೂ ಅವನಿಗೇ ಬಂದವು. ಸೆಲ್ಕಿ ಮತ್ತೆ 2018ರಲ್ಲಿ, ಲೇಡಿ ಬಿಂಗ್ ಮತ್ತೆ 2023 ಮತ್ತು 2025ರಲ್ಲಿ. ಎರಡೂ ಒಬ್ಬನಿಗೇ ಬರುವುದು ಎಷ್ಟು ಕಷ್ಟವೆಂದು ಆಟ ಬಲ್ಲವರಿಗೆ ಗೊತ್ತು. ರಕ್ಷಣೆಯ ಆಟದಲ್ಲಿ ಒಂದು ಹೆಜ್ಜೆ ತಡವಾದರೆ ಸ್ಟಿಕ್ ಎದುರಾಳಿಯ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ದಂಡವಾಗಿ ಎರಡು ನಿಮಿಷ ಆಟದ ಹೊರಗೆ ಪೆಟ್ಟಿಗೆಯಲ್ಲಿ ಕೂರಬೇಕು. ತಪ್ಪು ಮಾಡದೆ ತಡೆಯುವವನು ಮೊದಲೇ ಸರಿಯಾದ ಜಾಗದಲ್ಲಿ ಬಂದು ನಿಂತಿರಬೇಕು. 2022-23ರಲ್ಲಿ 82 ಪಂದ್ಯ ಆಡಿದ ಅವನ ಹೆಸರಿಗೆ ಬಿದ್ದ ದಂಡ ನಾಲ್ಕೇ ನಿಮಿಷ. ನನಗೆ ಅವನ ಅಂಕಿಅಂಶಗಳಲ್ಲೆಲ್ಲ ಹೆಚ್ಚು ಬೆರಗು ಹುಟ್ಟಿಸುವುದು ಇದೇ. 2017-18ರ 35 ಗೋಲು, 57 ಅಸಿಸ್ಟ್‌ಗಳ 92 ಪಾಯಿಂಟ್‌ಗಿಂತಲೂ.

ಕಪ್ಪುಗಳ ವಿಷಯ ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. 2012ರಲ್ಲಿ ತಮ್ಮ ವಿಭಾಗದ ಎಂಟನೇ, ಕೊನೆಯ ತಂಡವಾಗಿ ಪ್ಲೇಆಫ್ ಹೊಕ್ಕ ಕಿಂಗ್ಸ್ ಲೀಗಿನ ಸ್ಟ್ಯಾನ್ಲಿ ಕಪ್ ಗೆದ್ದಿತು. ನ್ಯೂಜೆರ್ಸಿ ವಿರುದ್ಧದ ಫೈನಲ್ಲಿನ ಮೊದಲ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಮುಗಿಸಿದ್ದು ಕೋಪಿತಾರ್, ಗೋಲಿ ಮಾರ್ಟಿನ್ ಬ್ರೋಡರ್ ಒಬ್ಬನೇ ಎದುರಿಗಿದ್ದಾಗ. 2014ರಲ್ಲಿ ಕಪ್ ಮತ್ತೆ ಗೆದ್ದಾಗ ಮೊದಲ ಮೂರೂ ಸರಣಿಗಳು ಏಳನೇ ಪಂದ್ಯದವರೆಗೆ ಎಳೆದವು. ಫೈನಲ್ ಸೇರಿ 26 ಪಂದ್ಯಗಳಲ್ಲಿ ಕೋಪಿತಾರ್ 26 ಪಾಯಿಂಟ್ ಗಳಿಸಿ ಎಲ್ಲ ತಂಡಗಳ ಆಟಗಾರರಲ್ಲೂ ಮೊದಲಿಗನಾದ. ಅದರಲ್ಲಿ ಗೋಲು ಐದೇ, ಅಸಿಸ್ಟ್ ಇಪ್ಪತ್ತೊಂದು. 2016ರಲ್ಲಿ ನಾಯಕತ್ವ ಬಂತು.

ಅದೇ 2014ರ ಫೆಬ್ರುವರಿಯಲ್ಲಿ ಸೋಚಿ ಒಲಿಂಪಿಕ್ಸ್. ಸ್ಲೊವೇನಿಯಾ ಹಾಕಿಯಲ್ಲಿ ಒಲಿಂಪಿಕ್ಸ್ ಕಂಡದ್ದು ಅದೇ ಮೊದಲು. ಸ್ಲೊವಾಕಿಯಾವನ್ನು 3-1ರಲ್ಲಿ, ಆಸ್ಟ್ರಿಯಾವನ್ನು 4-0ರಲ್ಲಿ ಸೋಲಿಸಿ ಕ್ವಾರ್ಟರ್‌ಫೈನಲ್ ಮುಟ್ಟಿ, ಸ್ವೀಡನ್ನಿಗೆ 0-5ರಲ್ಲಿ ಸೋತು ಏಳನೇ ಸ್ಥಾನಕ್ಕೆ ನಿಂತಿತು. ಕೋಚ್ ಮಾತ್ಯಾಝ್ ಕೋಪಿತಾರ್. ಹಿತ್ತಲಲ್ಲಿ ನೀರು ಹಾಕಿದವನು ಬೆಂಚಿನ ಹಿಂದೆ, ಆ ಗಡ್ಡೆಯ ಮೇಲೆ ಕಲಿತವನು ಮುಂದೆ. ಆದರೆ ಅರ್ಹತಾ ಸುತ್ತು ನಡೆದದ್ದು ಹಿಂದಿನ ವರ್ಷದ ಫೆಬ್ರುವರಿಯಲ್ಲಿ, ಡೆನ್ಮಾರ್ಕಿನ ವೋಯೆನ್ಸ್‌ನಲ್ಲಿ. ಎನ್‌ಎಚ್‌ಎಲ್ ಸೀಸನ್ ನಡೆಯುತ್ತಿದ್ದುದರಿಂದ ಆಂಝೆ ಅಲ್ಲಿರಲಿಲ್ಲ. ಅವನಿಲ್ಲದೆ ಡೆನ್ಮಾರ್ಕ್, ಬೆಲಾರುಸ್, ಉಕ್ರೇನ್ ಇದ್ದ ಗುಂಪನ್ನು ಗೆದ್ದು ಟಿಕೆಟ್ ತಂದವರು ಹೊರಗೆ ಯಾರಿಗೂ ಹೆಸರು ಗೊತ್ತಿಲ್ಲದ ಆಟಗಾರರು. ಈ ಮಾತನ್ನು ಹೇಳದೆ ಸೋಚಿಯ ಕಥೆ ಹೇಳುವುದು ನ್ಯಾಯವಲ್ಲ. 2018ರಲ್ಲಿ ಎನ್‌ಎಚ್‌ಎಲ್ ತನ್ನ ಆಟಗಾರರನ್ನೇ ಕಳಿಸದಿದ್ದಾಗ, ಪ್ಯೊಂಗ್‌ಚಾಂಗ್‌ನಲ್ಲಿ ಸ್ಲೊವೇನಿಯಾ ಅಮೆರಿಕವನ್ನು ಹೆಚ್ಚುವರಿ ಅವಧಿಯಲ್ಲಿ 3-2ರಿಂದ ಸೋಲಿಸಿತು. ಗೆಲುವಿನ ಗೋಲು ಯಾನ್ ಮುರ್ಶಾಕನದು, ಎನ್‌ಎಚ್‌ಎಲ್ ಆಡಿದ ಇನ್ನೊಬ್ಬ ಸ್ಲೊವೇನಿಯನ್.

ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಮಾತ್ರ ಈ ದೇಶ ಏಣಿಯಾಟ ಆಡುತ್ತಲೇ ಬಂದಿದೆ. ಮೇಲಿನ ವಿಭಾಗದಲ್ಲಿ ಹದಿನಾರು ತಂಡ, ಕೊನೆಯ ಎರಡು ಕೆಳಗಿಳಿಯುತ್ತವೆ. ಪಂದ್ಯಗಳು ಮೇ ತಿಂಗಳಲ್ಲಿ, ಆಗಲೇ ಎನ್‌ಎಚ್‌ಎಲ್ ಪ್ಲೇಆಫ್ ಕೂಡ. ಕಿಂಗ್ಸ್ ಗೆಲ್ಲುತ್ತಾ ಹೋದಷ್ಟೂ ಸ್ಲೊವೇನಿಯಾಕ್ಕೆ ಅದರ ಸೆಂಟರ್ ಇಲ್ಲ. ದೊಡ್ಡ ದೇಶವೊಂದು ಒಬ್ಬ ಇಲ್ಲದಿದ್ದರೆ ಇನ್ನೊಬ್ಬನನ್ನು ಕರೆಯುತ್ತದೆ. ಇಲ್ಲಿ ಕರೆಯಲು ಇನ್ನೊಬ್ಬ ಇರುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಕೋಪಿತಾರ್, 2025-26 ತನ್ನ ಕೊನೆಯ ಸೀಸನ್ ಎಂದು ಹೇಳಿದ. ಇಪ್ಪತ್ತನೆಯದು, ಎಲ್ಲವೂ ಒಂದೇ ತಂಡದಲ್ಲಿ. ಅವನ ಆಟವನ್ನು ಇನ್ನೂ ನೋಡದವರು ಗೋಲುಗಳ ತುಣುಕು ಹುಡುಕಬೇಡಿ, ಯಾವುದಾದರೂ ಇಡೀ ಪಂದ್ಯ ಹಾಕಿಕೊಂಡು ಪಕ್ ಬಿಟ್ಟು 11ನೇ ನಂಬರಿನ ಮೇಲೆ ಒಂದು ಶಿಫ್ಟ್ ಪೂರ್ತಿ, ಅಂದರೆ ಅವನು ಬೆಂಚಿನಿಂದ ಇಳಿದು ಮರಳುವ ತನಕ, ಕಣ್ಣಿಡಿ. ನಲವತ್ತರಿಂದ ನಲವತ್ತೈದು ಸೆಕೆಂಡ್. ಎಡ ಚುಕ್ಕೆಯಲ್ಲಿ ಬಾಗಿ ನಿಲ್ಲುತ್ತಾನೆ, ಪಕ್ ಮೂಲೆಗೆ ಹೋಗುತ್ತದೆ, ಅವನು ಗೋಲಿನ ಮುಂದಿನ ಜಾಗ ಕಾಯುತ್ತಾನೆ. ತಂಡ ಹೊರಗೆ ಬರುವಾಗ ನಡುವಿನಲ್ಲಿ ಪಾಸ್ ಪಡೆದು ಒಂದೇ ಮುಟ್ಟಿಗೆ ವಿಂಗರನಿಗೆ ಕೊಡುತ್ತಾನೆ. ದಾಳಿ ಮುರಿದರೆ ಮೊದಲು ತಿರುಗಿ ಓಡುವವನೂ ಅವನೇ, ತಲೆ ಎಡಕ್ಕೆ, ಬಲಕ್ಕೆ, ಮೂರನೆಯವನ ಸ್ಟಿಕ್ ಎತ್ತಿ. ಆಮೇಲೆ ಬೆಂಚಿನ ಹಲಗೆ ದಾಟಿ ಒಳಗೆ ಕೂತು ನೀರಿನ ಬಾಟಲಿಗೆ ಕೈ ಚಾಚುತ್ತಾನೆ.